ಗಜ್ಜರಿ ನಡುವ ಇಟ್ಟ ಕಟಿಗಿ ಚೂರು: ಬೆಳಿ ರೋಗದ ಬಗ್ಗೆ ನಿಮ್ಮ ಪ್ರಶ್ನಿ, ನಮ್ಮ ಉತ್ತರ

ಈ ಸಲ ಬಂದ ಪತ್ರದಾಗ ಮುಕ್ಕಾಲು ಪಾಲು ರೋಗದ ಬಗ್ಗೆನ ಇದ್ವು. ಕೆಲವರು ಸಿಟ್ಟಿನ್ಯಾಗ ಬರದಾರ, ಕೆಲವರು ಖರೇನ ತಿಳ್ಕೊಬೇಕಂತ ಬರದಾರ, ಆದ್ರ ಎಲ್ಲಾರ ಮಾತೂ ಸುತ್ತಿ ಬಳಸಿ ಬರೋದು ಒಂದ ಕಡೆ: ಲ್ಯಾಬಿನವರು ಒಳಗ ಕುಂತು ಏನ ಮಾಡ್ತಾರ, ಅದು ನಮ್ಮ ಹೊಲಕ್ಕ ಯಾವಾಗ ಬರ್ತದ? ನಾನು ಸಸ್ಯರೋಗದ ಲ್ಯಾಬಿನ್ಯಾಗ ಬಹಳ ವರ್ಷ ಕೆಲಸ ಮಾಡಿದಾಕಿ, ಅದಕ್ಕ ಈ ಪ್ರಶ್ನಿ ನಂಗ ಮನಿ ಪ್ರಶ್ನಿ ಇದ್ದಂಗ. ಆದಷ್ಟು ಬಿಡಿಸಿ ಹೇಳ್ತೀನಿ.

ಪ್ರಶ್ನೆ: ಅಕ್ಕಾರ, ನಂದು ಮೂರು ಎಕರೆ ದಾಳಿಂಬ್ರಿ ಅದ, ಭಗ್ವಾ ತಳಿ, ನಾಕನೇ ವರ್ಷದ ಗಿಡ. ಒಂದೊಂದ ಟೊಂಗಿ ಹಳದಿ ಆಗಿ ಒಣಗಾಕತ್ತಾವ, ಸ್ವಲ್ಪ ದಿನದಾಗ ಇಡೀ ಗಿಡಾನ ಹೋಗ್ತದ. ಅಂಗಡ್ಯಾಗ ಕೇಳಿದ್ರ ನಾಕು ನಮೂನಿ ಎಣ್ಣಿ ಕೊಟ್ರು, ಹೊಡದ್ರೂ ನಿಂತಿಲ್ಲ. ಮಗ ಲ್ಯಾಬಿಗೆ ತೋರಿಸೂಣು ಅಂತಾನ. ನಮ್ಮ ಕಣ್ಣಿಗೆ ಕಾಣದ್ದು ಅವರಿಗೇನ ಕಾಣ್ತದ್ರಿ? (ಇಂಡಿ ತಾಲೂಕಿನ ರೈತರು)

ಅಣ್ಣಾರ, ಮಗ ಹೇಳೋದು ಖರೇ ಅದ, ಅವನ ಮಾತು ಕೇಳ್ರಿ. ನಾಕು ನಮೂನಿ ಎಣ್ಣಿಗೆ ನೀವು ಹಾಕಿದ ರೊಕ್ಕ ನೆನಸಿದ್ರ ನಂಗ ಹೊಟ್ಟಿ ಉರೀತದ. ಯಾಕಂದ್ರ ದಾಳಿಂಬ್ರಿ ಗಿಡ ಒಣಗಾಕ ಕಾರಣ ಒಂದಲ್ಲ. ಬೇರಿನ್ಯಾಗ ಶಿಲೀಂಧ್ರ ಹೊಕ್ಕಿರಬಹುದು, ಬೇರಿಗೆ ಗಂಟು ಕಟ್ಟೋ ಜಂತುಹುಳ ಇರಬಹುದು, ಕಾಂಡದಾಗ ಸಣ್ಣ ತೂತ ಕೊರಿಯೋ ಹುಳ ಇರಬಹುದು, ಇಲ್ಲಾ ಯರಿ ಭೂಮ್ಯಾಗ ನೀರು ನಿಂತು ಬೇರು ಉಸಿರುಗಟ್ಟಿ ಸತ್ತಿರಬಹುದು. ಮ್ಯಾಲ ನೋಡಿದ್ರ ಎಲ್ಲಾದ್ರದೂ ಒಂದ ವೇಷ, ಎಲಿ ಹಳದಿ ಆಗಿ ಟೊಂಗಿ ಒಣಗೋದು. ಕೂಸು ಅಳಾಕತ್ತದ ಅಂದ್ರ ಹಸಿವೋ ಹೊಟ್ಟಿನೋವೋ ಕಿವಿನೋವೋ ನೋಡದ ಔಷಧಿ ಹಾಕಿದ್ರ ಹ್ಯಾಂಗ ಆಗ್ತದ, ಇದೂ ಹಂಗ. ಅದ್ರಾಗೂ ಕುತ್ತು ಬೇರಿನ್ಯಾಗ ಇದ್ದಾಗ ಎಲಿ ಮ್ಯಾಲ ಎಷ್ಟ ಹೊಡದ್ರೂ ಅದು ಅಲ್ಲಿಗೆ ಮುಟ್ಟಂಗಿಲ್ಲ.

ಈ ಕಾರಣದಾಗ ಶಿಲೀಂಧ್ರದಿಂದ ಬರೋ ಸೊರಗು ರೋಗಕ್ಕೂ ನಮ್ಮ ಜಿಲ್ಲಾಕ್ಕೂ ಹಳೇ ಸಂಬಂಧ ಅದ. ಭಾರತದಾಗ ಇದು ಮೊದಲ ಕಂಡದ್ದ ಇಲ್ಲಿ, ಆಗ ಇನ್ನೂ ಬಿಜಾಪುರ ಅಂತಿದ್ದ ಜಿಲ್ಲಾದಾಗ, 1990ರ ಸುಮಾರಿಗೆ ಎರಡು ಕಡೆ. 1993 ಅನ್ನೋದ್ರಾಗ ಜಿಲ್ಲಾ ತುಂಬಾ ಹಬ್ಬಿತ್ತು. ಗಿಡ ಸಾಯಾಕತ್ತಿದ್ವು, ರೈತರು ಕಂಗಾಲಾಗಿದ್ರು, ಆದ್ರ ಕೊಲ್ಲಾಕತ್ತಿದ್ದು ಯಾರು ಅಂತ ಗೊತ್ತಿರ್ಲಿಲ್ಲ. 1996ರಾಗ ಒಣಗಿದ ಗಿಡದ ಬೇರು, ಕಾಂಡ, ಟೊಂಗಿಯೊಳಗಿಂದ ಸೆರಟೋಸಿಸ್ಟಿಸ್ ಫಿಂಬ್ರಿಯಾಟಾ ಅನ್ನೋ ಶಿಲೀಂಧ್ರಾನ ಬ್ಯಾರೆ ಮಾಡಿ ತಗದ್ರು. ಅಂದ್ರ ರೋಗ ಕಂಡಲ್ಲಿಂದ ಕಳ್ಳನ ಹೆಸರು ಸಿಗೋತನಕ ಸುಮಾರು ಆರು ವರ್ಷ ಹೋತು, ಅಷ್ಟೂ ದಿನ ಮಂದಿ ಕತ್ತಲ್ಯಾಗ ಕಲ್ಲು ಒಗದಂಗ ಎಣ್ಣಿ ಹೊಡದಾರ.

ಈಗ ಲ್ಯಾಬಿನ್ಯಾಗ ಏನ ಮಾಡ್ತಾರ ಕೇಳ್ರಿ. ನೀವು ತಂದ ಟೊಂಗಿ, ಬೇರು ಅಡ್ಡ ಕೊಯ್ದು ನೋಡ್ತಾರ, ಒಳಗ ಬಿಳಿ ಇರಬೇಕಾದ ಕಟಿಗಿ ಕಂದು, ಕೆಲವು ಕಡೆ ಕಪ್ಪ ಬೂದಿ ಬಣ್ಣದ ಪಟ್ಟಿ ಆಗಿರ್ತದ. ಆ ಪಟ್ಟಿಯಿಂದ ಉಗುರಿನಷ್ಟ ತೆಳ್ಳಗ ಒಂದು ಚೂರು ಕೆತ್ತಿ ತಗೀತಾರ. ಆಮ್ಯಾಲ ಸಂತ್ಯಾಗ ಸಿಗೋ ಗಜ್ಜರಿ! ಹೌದ್ರಿ, ನಾವು ಕೋಸಂಬರಿ ಮಾಡೋ ಗಜ್ಜರಿನ. ಅದನ್ನ ಛಲೋತ್ನಾಗಿ ತೊಳದು, ಸ್ಪಿರಿಟ್ ಒರಸಿ, ಬಿಲ್ಲಿ ಬಿಲ್ಲಿ ಕೊಯ್ದು, ಎರಡು ಬಿಲ್ಲಿ ನಡುವ ಆ ಕಟಿಗಿ ಚೂರು ಇಟ್ಟು, ಕಟ್ಟಿ, ತೇವ ಆರದಂಗ ಡಬ್ಬ್ಯಾಗ ಮುಚ್ಚಿಡ್ತಾರ. ಈ ಶಿಲೀಂಧ್ರಕ್ಕ ಗಜ್ಜರಿ ಅಂದ್ರ ಬಹಳ ಪ್ರೀತಿ. ಒಂದು ವಾರ, ಹತ್ತು ದಿನಕ್ಕ ತಗದು ಲೆನ್ಸ್ ಇಟ್ಟು ನೋಡಿದ್ರ ಗಜ್ಜರಿ ಮ್ಯಾಲ ಕರೀ ಸಾಸಿವಿಕಿಂತ ಸಣ್ಣ ಸಣ್ಣ ಹೂಜಿ ಎದ್ದಿರ್ತಾವ, ಉದ್ದಾನ ಕುತ್ತಗಿ ಇರ್ತದ, ಆ ಕುತ್ತಗಿ ತುದ್ಯಾಗ ಕೆನಿ ಬಣ್ಣದ ಒಂದ ಹನಿ ನಿಂತಿರ್ತದ. ಆ ಹನಿ ತುಂಬಾ ಬೀಜಕಣ. ನಾನು ಮೊದಲನೇ ಸಲ ಅದನ್ನ ನೋಡಿದಾಗ ಮೈ ಜುಮ್ ಅಂದಿತ್ತು, ಇಷ್ಟ ಸಣ್ಣ ಹನಿ ಇಷ್ಟ ದೊಡ್ಡ ಪಡ ಒಣಗಸ್ತದಲ್ಲ ಅಂತ.

ಅಲ್ಲಿಗೆ ಮುಗಿಯಂಗಿಲ್ಲ. ಸೂಜಿ ತುದೀಲೆ ಆ ಹನಿ ಎತ್ತಿ ತಾಟಿನ್ಯಾಗ ಬೆಳಸ್ತಾರ. ತಾಟಿನ್ಯಾಗಿನ ಊಟಾನೂ ಅಡಗಿ ಮನಿದ: ಒಂದು ಲೀಟರ್ ನೀರಿಗೆ 200 ಗ್ರಾಂ ಆಲೂಗಡ್ಡಿ ಕುದಿಸಿದ ರಸ, 20 ಗ್ರಾಂ ಡೆಕ್ಸ್‌ಟ್ರೋಸ್ ಸಕ್ರಿ, ಗಟ್ಟಿ ಆಗಾಕ 20 ಗ್ರಾಂ ಅಗರ್. ಅದನ್ನ ದೊಡ್ಡ ಕುಕ್ಕರಿನಂಥಾ ಆಟೋಕ್ಲೇವಿನ್ಯಾಗ 121 ಡಿಗ್ರಿಗೆ ಕಾಯಿಸಿ ಬ್ಯಾರೆ ಯಾವ ಜೀವಾನೂ ಉಳೀದಂಗ ಮಾಡ್ತಾರ. ಬೆಳದ ಶಿಲೀಂಧ್ರಾನ ಆರೋಗ್ಯ ಇದ್ದ ಗಿಡಕ್ಕ ಹಾಕಿ, ಅದೂ ಹಂಗ ಸೊರಗ್ತದೇನು ನೋಡಿ, ಸೊರಗಿದ ಗಿಡದಿಂದ ಮತ್ತ ಅದ ಶಿಲೀಂಧ್ರ ಸಿಕ್ರ ಮಾತ್ರ ಇಂವನ ಕಳ್ಳ ಅಂತ ಒಪ್ತಾರ. ಜರ್ಮನಿಯ ಡಾಕ್ಟರ್ ರಾಬರ್ಟ್ ಕಾಕ್ ಮನುಷಾರ, ದನದ ರೋಗಕ್ಕ ಹಾಕಿಕೊಟ್ಟ ನಿಯಮ ಇದು, ಗಿಡಕ್ಕೂ ಅದ ನಡೀತದ. ಹೊಸಾ ರೋಗ ಬಂದಾಗ ಇಷ್ಟೆಲ್ಲಾ ಮಾಡ್ಲೇಬೇಕು. ನಿಮ್ಮ ಗಿಡಕ್ಕ ಅಷ್ಟ ದೂರ ಹೋಗೋದು ಬೇಕಾಗಿಲ್ಲ, ಗಜ್ಜರಿತನಕ ಹೋದ್ರ ಸಾಕು.

ಆದ್ರ ಒಂದು ಮಾತು, ಇದು ನಂದು ವರ್ಷಾನಗಟ್ಟಲೆದ ಸಂಕಟ. ಮಂದಿ ಲ್ಯಾಬಿಗೆ ತರೋದು ಪೂರಾ ಸತ್ತು ಒಣಗಿದ ಕಟಿಗಿ, ಅದೂ ಪ್ಲಾಸ್ಟಿಕ್ ಚೀಲದಾಗ ಎರಡು ದಿನ ಕುದ್ದು ಬಂದಿರ್ತದ. ಸತ್ತ ಮನಿಗೆ ಎಲ್ಲಾರೂ ಬರ್ತಾರಲ್ಲ ಹಂಗ ಸತ್ತ ಕಟಿಗಿಗೆ ನೂರು ನಮೂನಿ ಬೂಸ್ಟು ಬಂದಿರ್ತದ, ಮೊದಲ ಹೊಡದಾಂವ ಅಷ್ಟೊತ್ತಿಗೆ ಕಾಣವಲ್ಲ. ನೀವು ಈಗ ತಾನ ಹಳದಿ ಆಗಾಕತ್ತಿದ ಗಿಡ ಆರಿಸ್ರಿ, ಅದರ ಬೇರು ಮಣ್ಣು ಸಮೇತ, ಕಾಂಡದ ಬುಡದ ಚೂರು, ಒಂದ ಟೊಂಗಿ ಪೇಪರಿನ್ಯಾಗ ಸುತ್ತಿ, ಅವತ್ತ ಇಲ್ಲಾ ಮರುದಿನ ಒಯ್ರಿ. ವಿಜಯಪುರದ ಹಿಟ್ನಳ್ಳಿ ಕೃಷಿ ಕಾಲೇಜು ನಿಮಗ ಹತ್ರ ಆಗ್ತದ, ಬಾಗಲಕೋಟಿ ತೋಟಗಾರಿಕೆ ವಿವಿ ಅದ, ದಾಳಿಂಬ್ರಿದ ರಾಷ್ಟ್ರೀಯ ಸಂಶೋಧನಾ ಕೇಂದ್ರ 2005ರಿಂದ ಸೊಲ್ಲಾಪುರದಾಗ ಅದ, ಅದೂ ನಿಮಗೇನ ದೂರ ಅಲ್ಲ. ಯಾವ ಸಾಲಿನ ಗಿಡ ಮೊದಲ ಒಣಗ್ತು, ನೀರು ಯಾವ ಕಡಿಂದ ಯಾವ ಕಡಿಗೆ ಹರೀತದ, ಸಸಿ ಎಲ್ಲಿಂದ ತಂದಿದ್ರಿ, ಏನೇನ ಹೊಡದೀರಿ, ಒಂದ ಚೀಟ್ಯಾಗ ಬರಕೊಂಡು ಒಯ್ರಿ. ಆ ಚೀಟಿ ಅರ್ಧ ರಿಪೋರ್ಟ್ ಇದ್ದಂಗ.

ಅಲ್ಲಿತನಕ ಸತ್ತ ಗಿಡ ಬೇರು ಸಮೇತ ಕಿತ್ತು ಅಲ್ಲೇ ಸುಡ್ರಿ, ಪಡದ ತುಂಬಾ ಎಳಕೊಂಡು ಹೋಗಬ್ಯಾಡ್ರಿ. ರೋಗದ ಗಿಡಕ್ಕ ಹಚ್ಚಿದ ಕತ್ರಿ ಒರಸದ ಛಲೋ ಗಿಡಕ್ಕ ಹಚ್ಚಬ್ಯಾಡ್ರಿ. ಆ ಗಿಡದ ಬುಡದ ನೀರು ಪಕ್ಕದ ಗಿಡಕ್ಕ ಹರೀದಂಗ ನೋಡ್ಕೋರಿ. ಬುಡಕ್ಕ ಹಾಕೋ ಔಷಧಿ ಯಾವ್ದು, ಎಷ್ಟು ಅನ್ನೋದು ರಿಪೋರ್ಟ್ ಬಂದ ಮ್ಯಾಲ ಅಲ್ಲಿಯವರ್ನ ಕೇಳ್ರಿ.

ಪ್ರಶ್ನೆ: ದ್ರಾಕ್ಷಿಗೆ ಡೌನಿ (ಎಲಿ ಹಿಂಬದಿ ಬಿಳಿ ಬೂಸ್ಟು ಬರೋ ರೋಗ) ಬಂದ್ರ ಮೊದಲ ಒಂದ ಸ್ಪ್ರೇಕ್ಕ ಹೋಗ್ತಿತ್ತು, ಈಗ ಅದ ಎಣ್ಣಿ ಮೂರು ಸಲ ಹೊಡದ್ರೂ ಹೋಗವಲ್ಲದು. ಕಂಪನಿಯವರು ಕಲಬೆರಕಿ ಮಾಡಾಕತ್ತಾರೇನು? (ತಿಕೋಟಾ)

ಕಲಬೆರಕಿ ಇಲ್ಲಂತ ನಾನು ಎದಿ ತಟ್ಟಿ ಹೇಳಂಗಿಲ್ಲ, ಆದ್ರ ಅಸಲಿ ಎಣ್ಣಿ ಇದ್ರೂ ಹಿಂಗ ಆಗ್ತದ. ಹೊಸಾ ಕಾಲದ ಭಾಳ ಎಣ್ಣಿ ರೋಗಾಣುವಿನ ಮೈಯಾಗಿನ ಒಂದ ಕೀಲಿಗೆ ಕೈ ಹಾಕ್ತಾವ. ಕೋಟಿಗಟ್ಟಲೆ ಬೀಜಕಣದಾಗ ಯಾವದೋ ಒಂದರ ಕೀಲಿ ಹುಟ್ಟತಾನ ಸ್ವಲ್ಪ ಬ್ಯಾರೆ ಇರ್ತದ, ಅದು ಸಾಯಂಗಿಲ್ಲ. ಉಳದದ್ದೆಲ್ಲಾ ಸತ್ತು ಜಾಗಾ ಖಾಲಿ ಆತು, ಈಗ ಅದರ ಮಕ್ಕಳದ ರಾಜ್ಯ. ಮೆಟಲಾಕ್ಸಿಲ್ ಅನ್ನೋ ಇಂಥಾ ಎಣ್ಣಿ 1977ರಾಗ ಬಂದಾಗ ಜಗತ್ತಿನ್ಯಾಗ ಎಲ್ಲಾರೂ ಇನ್ನ ಡೌನಿ ಚಿಂತಿ ಮುಗೀತು ಅಂದಿದ್ರು, ಮೂರ್ನಾಕು ವರ್ಷದಾಗನ ಅದಕ್ಕ ಬಗ್ಗದ ರೋಗಾಣು ಯುರೋಪಿನ್ಯಾಗ ಕಂಡ್ವು. ಲ್ಯಾಬಿನ್ಯಾಗ ಇದನ್ನ ನೋಡೋದು ಹಿಂಗ: ದ್ರಾಕ್ಷಿ ಎಲಿ ಬಿಲ್ಲಿ ಬಿಲ್ಲಿ ಕತ್ತರಿಸಿ, ಬ್ಯಾರೆ ಬ್ಯಾರೆ ಪ್ರಮಾಣದ ಔಷಧಿ ನೀರಿನ ಮ್ಯಾಲ ತೇಲಿ ಬಿಟ್ಟು, ನಿಮ್ಮ ಪಡದಿಂದ ತಂದ ಡೌನಿ ಹಾಕ್ತಾರ. ಹೆಚ್ಚಿನ ಪ್ರಮಾಣದಾಗೂ ಬಿಳಿ ಬೂಸ್ಟು ಬಂತಂದ್ರ ಆ ಎಣ್ಣಿ ನಿಮ್ಮಲ್ಲಿ ಮುಗೀತು ಅಂತ ತಿಳೀಬೇಕು.

ಬೋರ್ಡೋ ದ್ರಾವಣ ಮಾತ್ರ ಇನ್ನೂ ನಡೀತದಲ್ಲ, ಯಾಕ? ತಾಮ್ರ ಒಂದ ಕೀಲಿ ಅಲ್ಲ, ಹತ್ತಾರು ಕಡೆ ಹೊಡೀತದ. ಇದರ ಕಥಿ ನಂಗ ಯಾವಾಗ ಹೇಳಿದ್ರೂ ಖುಷಿ. ಫ್ರಾನ್ಸಿನ ಬೋರ್ಡೋ ಸೀಮ್ಯಾಗ ರಸ್ತೆ ಬದಿ ದ್ರಾಕ್ಷಿ ಮಂದಿ ಕಿತ್ಕೊಂಡು ತಿಂತಾರಂತ ರೈತರು ಮೈಲುತುತ್ತ, ಸುಣ್ಣ ಕಲಸಿ ಎಲಿಗೆ ಬಡಿತಿದ್ರು, ನೋಡಿದ್ರ ವಿಷ ಅನ್ನಿಸಿ ಯಾರೂ ಮುಟ್ಟಬಾರ್ದು ಅಂತ. ಮಿಲಾರ್ಡೆ ಅನ್ನೋ ವಿಜ್ಞಾನಿ 1882ರಾಗ ನೋಡಿದ್ರ, ರಸ್ತೆ ಬದಿ ಬಳ್ಳಿ ಹಸರಗ ಅವ, ಒಳಗಿನವು ಡೌನಿ ಬಂದು ಉದುರ್ಯಾವ. ಆಂವ ಅದನ್ನ ಹಿಡ್ಕೊಂಡು ಪ್ರಯೋಗ ಮಾಡಿ 1885ರಾಗ ಜಗತ್ತಿಗೆ ಹೇಳಿದಾ. ರೈತನ ಪಡದಾಗ ಇದ್ದದ್ದನ್ನ ಲ್ಯಾಬಿನವ ಕಣ್ಣ ತಗದು ನೋಡಿದಾ, ಕಥಿ ಅಷ್ಟ.

100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಪ್ಲಾಸ್ಟಿಕ್ ಡ್ರಮ್ಮಿನ್ಯಾಗ, ಕಬ್ಬಿಣದ್ರಾಗ ಬ್ಯಾಡ. ತಯಾರಾದ ಮ್ಯಾಲ ಹೊಳಿಯೋ ಕುಡಗೋಲು ಒಂದ್ನಿಮಿಷ ಅದ್ರಾಗ ಅದ್ದಿ ತಗೀರಿ, ಅಲಗಿನ ಮ್ಯಾಲ ಕೆಂಪ ತಾಮ್ರ ಕೂತಿದ್ರ ಇನ್ನಷ್ಟ ಸುಣ್ಣ ಬೇಕು, ಹಂಗ ಹೊಡದ್ರ ಎಲಿ ಸುಡ್ತದ. ಮಾಡಿದ ದಿನಾನ ಹೊಡದು ಮುಗಿಸ್ರಿ. ಮತ್ತ ಡೌನಿ ಹೌದೋ ಅಲ್ಲೋ ಅನುಮಾನ ಇದ್ರ ಎಲಿ ಕಿತ್ತು ತೇವದ ಅರಿವಿ ಜೋಡಿ ಚೀಲದಾಗ ರಾತ್ರಿ ಇಡ್ರಿ, ಬೆಳಗಾಗೂದ್ರಾಗ ಕಲಿ ಇದ್ದಲ್ಲಿ ಎಲಿ ಹಿಂಬದಿ ಬಿಳಿ ಅರಳಿ ಬಂದಂಗ ಬಂತಂದ್ರ ಡೌನಿನ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆದ ಮ್ಯಾಲ ಮಳಿ ಬಂದ್ರ ದಿನಾ ಎಲಿ ಹಿಂಬದಿ ನೋಡ್ರಿ, ಒಂದ ಗುಂಪಿನ, ಅಂದ್ರ ಒಂದ ಕೀಲಿಗೆ ಕೈ ಹಾಕೋ ಎಣ್ಣಿ ಮ್ಯಾಲಿಂದ ಮ್ಯಾಲ ಹೊಡೀಬ್ಯಾಡ್ರಿ.

ಪ್ರಶ್ನೆ: ನಾವು ಹೊಟ್ಟಿಗೆ ತಿನ್ನೋದು ಮಾಲದಂಡಿ ಜೋಳ. ಹೊಸಾ ಬೀಜ ಎಷ್ಟ ಬಂದ್ರೂ ನಮ್ಮತ್ತಿ ಇದನ್ನ ಬಿಡಂಗಿಲ್ಲ ಅಂತಾರ. ಕಡೀಕ ಕಡೀಕ ಕಾಳು ತುಂಬೂ ಹೊತ್ನ್ಯಾಗ ದಂಟು ಮುರದು ಬೀಳ್ತಾವ. ಬರಗಾಲಕ್ಕ ತಡಿಯೂವಂಥಾ ಜೋಳದ ಮ್ಯಾಲ ಸಂಶೋಧನಿ ನಡದದೇನ್ರಿ ಅಕ್ಕಾರ? (ಬಸವನ ಬಾಗೇವಾಡಿಯ ಗೃಹಿಣಿ)

ತಂಗಿ, ನಿಮ್ಮತ್ತಿ ಶಾಣ್ಯಾರ. ಮಾಲದಂಡಿ, ಅಂದ್ರ ಎಂ 35-1, ಸೊಲ್ಲಾಪುರ ಜಿಲ್ಲಾದ ಮೊಹೋಳದಾಗ 1930ರ ದಶಕದಾಗ ಊರ ಜೋಳದೊಳಗಿಂದ ಆರಿಸಿ ತಗದದ್ದು. ಇವತ್ತಿಗೂ ಹಿಂಗಾರಿ ಅಂದ್ರ ಅದ. ಹೊಸಾ ತಳಿ ತೂಕದಾಗ ಗೆದ್ದಿರಬಹುದು, ರೊಟ್ಟಿ ಮೆತ್ತಗ ಬರೋದು, ದನಕ್ಕ ಕಣಿಕಿ ರುಚಿ ಆಗೋದು, ಒಂದ ಹದ ಮಳಿ ಮ್ಯಾಲ ಬೆಳಿ ದಡ ಹತ್ತೋದು, ಇದೆಲ್ಲಾ ಕೂಡಿಸಿದ್ರ ಮಾಲದಂಡಿನ ಮುಂದ.

ದಂಟು ಮುರದು ಬೀಳೋದು ಬಹಳ ಸಲ ಇದ್ದಲಿ ಕೊಳಿ ರೋಗ. ಹಂಗ ಬಿದ್ದ ದಂಟು ಒಂದು ತಗೊಂಡು ಬುಡದ ಗಣಿಕಿ ಉದ್ದಕ ಸೀಳಿ ನೋಡು, ಒಳಗಿನ ಬೆಂಡು ಕರಗಿ ಬರೇ ನಾರು ಉಳದಿರ್ತದ, ಆ ನಾರಿಗೆ ಇದ್ದಲಿ ಪುಡಿ ಉದುರಿಸಿದಂಗ ಕರೀ ಕಣ ಅಂಟಿರ್ತಾವ. ಅವು ಮ್ಯಾಕ್ರೋಫೋಮಿನಾ ಅನ್ನೋ ಶಿಲೀಂಧ್ರದ ಗಟ್ಟಿ ಗುಳಿಗಿ, ಮಣ್ಣಾಗ ವರ್ಷಾನಗಟ್ಟಲೆ ಕುಂತಿರ್ತಾವ. ಕುಂತಿದ್ರೂ ಹಸಿ ಇದ್ದಾಗ ಏನೂ ಮಾಡಂಗಿಲ್ಲ. ಹೂ ಆಗಿ ಕಾಳು ಹಾಲು ತುಂಬೂ ಹೊತ್ನ್ಯಾಗ ಭೂಮ್ಯಾಗಿನ ಹಸಿ ಹೋತಂದ್ರ ಮಾತ್ರ ಏಳ್ತಾವ. ಆಗ ತೆನಿ ತನ್ನ ಕಾಳು ತುಂಬಿಸ್ಕೊಳ್ಳಾಕ ದಂಟಿನ್ಯಾಗಿನ ಸಕ್ರಿ ಎಲ್ಲಾ ಎಳಕೊಂತದ, ತಾಯಿ ಕೂಸಿಗೆ ಕೊಟ್ಟು ತಾನು ಬಡವಾಗ್ತಾಳಲ್ಲ ಹಂಗ ದಂಟು ಸೊರಗ್ತದ, ಶಿಲೀಂಧ್ರ ಒಳಗ ಹೊಗ್ತದ. ಅದಕ್ಕ ನಾನು ರೋಗ ಬ್ಯಾರೆ ಬರ ಬ್ಯಾರೆ ಅನ್ನಂಗಿಲ್ಲ, ಜೋಳದಾಗಂತೂ ಎರಡೂ ಒಂದ ಹಗ್ಗದ ಎರಡು ಎಳಿ.

ಇದರ ಮ್ಯಾಲ ಹೈದರಾಬಾದ್ ಹತ್ರ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನ್ಯಾಗ, ಅಂದ್ರ ಒಣಭೂಮಿ ಬೆಳಿಗಳ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರದಾಗ, ಛಲೋ ಕೆಲಸ ಆಗ್ಯದ. ಇಥಿಯೋಪಿಯಾದ ಒಂದು ಜೋಳದಿಂದ ಬಂದ ಬಿ35 ಅನ್ನೋ ತಳಿ ಅದ, ನೀರು ಮುಗದ್ರೂ ಅದರ ಎಲಿ ಬಾಡದ ಹಸರ ಉಳೀತಾವ. ಈ ಗುಣಕ್ಕ ಹಸಿರುಳಿಕಿ ಅನ್ನೂಣು. ಆ ಗುಣದ ವಂಶವಾಹಿ ತುಣುಕು ನಮ್ಮ ಹಿಂಗಾರಿ ಜೋಳಕ್ಕ ತರಾಕ ಅವರು ಸಂಕರ ಮಾಡ್ತಾರ, ಪ್ರತಿ ಪೀಳಿಗ್ಯಾಗೂ ಎಲಿ ಚೂರಿಂದ ಡಿಎನ್ಎ ತಗದು ಆ ತುಣುಕು ಬಂದದೋ ಇಲ್ಲೋ ನೋಡ್ತಾರ. ಆದ್ರ ಅದು ಹಸರ ಯಾಕ ಉಳೀತದ? ಅದನ್ನ ತಿಳಿಯಾಕ ಅವರು ಮಾಡಿದ್ದು ನಂಗ ಬಹಳ ಸೇರ್ತದ. ಆಳೆತ್ತರದ ಪಿವಿಸಿ ಪೈಪಿನ್ಯಾಗ ಮಣ್ಣು ತುಂಬಿ, ಒಂದೊಂದ ಪೈಪಿನ್ಯಾಗ ಒಂದೊಂದ ಗಿಡ ಹಚ್ಚಿ, ಪೈಪ್ ಸಮೇತ ಎತ್ತಿ ಮ್ಯಾಲಿಂದ ಮ್ಯಾಲ ತೂಕ ಮಾಡ್ತಾರ. ತೂಕ ಎಷ್ಟ ಇಳೀತು ಅಂದ್ರ ಗಿಡ ಅಷ್ಟ ನೀರು ಕುಡೀತು ಅಂತ. ಹಂಗ ನೋಡಿದಾಗ ತಿಳದದ್ದು, ಒಟ್ಟ ಎಷ್ಟ ನೀರು ಕುಡೀತು ಅನ್ನೋದಕಿಂತ ಯಾವಾಗ ಕುಡೀತು ಅನ್ನೋದು ದೊಡ್ಡದು. ಹಸಿರುಳಿಕಿ ತುಣುಕು ಇದ್ದ ಗಿಡ ಸಣ್ಣಂದಿದ್ದಾಗ ಮೈ ಸ್ವಲ್ಪ ಹಿಡ್ಕೊಂಡು ಬೆಳೀತದ, ಕೊಡದಾಗ ಕಡೀಕ ನಾಕು ತಂಬಿಗಿ ನೀರು ಉಳಿಸಿಟ್ಟು ಕಾಳು ತುಂಬೂ ಹೊತ್ನ್ಯಾಗ ಕುಡೀತದ.

ಹೊಸಾ ಬೀಜ ಬರೋತನಕ ನೀನೂ ಅದನ್ನ ಮಾಡಬಹುದು. ಬಹಳ ದಟ್ಟ ಬಿತ್ತಬ್ಯಾಡ, ಗಿಡ ಹೆಚ್ಚಾದ್ರ ನೀರು ಲಗೂನ ಖಾಲಿ. ಎಡಿ ಹೊಡದು ಯರಿ ಭೂಮಿ ಬಿರುಕು ಮುಚ್ಚು. ಯೂರಿಯಾ ಕೈ ಬಿಟ್ಟು ಹಾಕಿದ್ರ ಬರದಾಗ ಈ ರೋಗ ಇನ್ನಷ್ಟು ಆಗ್ತದ, ಅಷ್ಟು ನೆನಪಿಡು.

ಪ್ರಶ್ನೆ: ಮೇಡಂ, ನಾನು ಪಿಯುಸಿ ಸೈನ್ಸ್. ಕ್ರಿಸ್ಪರ್ ಬೆಳೆ, ಜಿಎಂ ಬೆಳೆ ಎರಡೂ ಒಂದೇನಾ? ನಮ್ಮ ಮನೆಯಲ್ಲಿ ಎಲ್ಲಾನೂ ಬಿಟಿ ಅಂತಾರೆ. (ಬಾಗಲಕೋಟೆ)

ಒಂದಲ್ಲಪಾ. ಬಿಟಿ ಹತ್ತಿ ನಮ್ಮ ದೇಶಕ್ಕ ಬಂದದ್ದು 2002ರಾಗ, ಅದ್ರಾಗ ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿ ಹತ್ತಿಯೊಳಗ ಹಾಕ್ಯಾರ, ಅಂದ್ರ ಹೊರಗಿನದು ಬಂತು, ಇದಕ್ಕ ಜಿಎಂ ಅಂತಾರ. ಹವಾಯಿಯಾಗ ಪಪ್ಪಾಯಿ ತೋಟ ಉಂಗುರ ಚುಕ್ಕಿ ವೈರಸ್ಸಿಗೆ ಹಾಳಾದಾಗ ಡೆನ್ನಿಸ್ ಗೊನ್ಸಾಲ್ವಿಸ್ ಅನ್ನೋ ವಿಜ್ಞಾನಿ ತಂಡ ಆ ವೈರಸ್ಸಿನದ ಒಂದ ಚೂರು ಪಪ್ಪಾಯಿಯೊಳಗ ಸೇರಿಸಿ ರೋಗ ತಡಿಯೋ ತಳಿ ಮಾಡಿದ್ರು, 1998ರಿಂದ ರೈತರಿಗೆ ಬೀಜ ಸಿಕ್ತು, ಅದೂ ಜಿಎಂನ.

ಕ್ರಿಸ್ಪರಿನ್ಯಾಗ ಹೊರಗಿಂದ ತರೋದ ಬೇಕಾಗಿಲ್ಲ, ಇದ್ದದ್ರಾಗ ಒಂದಕ್ಷರ ತಿದ್ದೋದು. "ಮಳೆ" ಅಂತ ಬರದಲ್ಲಿ ಒಂದಕ್ಷರ ತಿದ್ದಿದ್ರ "ಮನೆ" ಆಗ್ತದ, ಉಳಿದ ಪುಸ್ತಕ ಹಂಗ ಇರ್ತದ. ಎಮಾನ್ಯುಯೆಲ್ ಶಾರ್ಪೆಂಟಿಯೆ, ಜೆನ್ನಿಫರ್ ಡೌಡ್ನಾ 2012ರಾಗ ತೋರಿಸಿದ ಕತ್ರಿ ಇದು, 2020ರಾಗ ಇಬ್ಬರಿಗೂ ನೊಬೆಲ್ ಬಂತು. ನಮ್ಮ ದೇಶದಾಗ 2022ರ ಮಾರ್ಚಿನ್ಯಾಗ ಹೊರಗಿನ ವಂಶವಾಹಿ ಉಳೀದ ಇಂಥಾ ತಿದ್ದುಪಡಿಗೆ ಜಿಎಂ ನಿಯಮದಿಂದ ವಿನಾಯಿತಿ ಕೊಟ್ರು, 2025ರ ಮೇ ತಿಂಗಳದಾಗ ಎರಡು ಭತ್ತದ ತಳಿ ಘೋಷಣಾ ಮಾಡಿದ್ರು, ಡಿಆರ್‌ಆರ್ ಧಾನ್ 100 ಅಂದ್ರ ಕಮಲಾ, ಮತ್ತ ಪೂಸಾ ಡಿಎಸ್‌ಟಿ ರೈಸ್ 1. ಎರಡನೇದನ್ನ ಕೇಳು, ಅದು ನಮ್ಮ ಸವಳು ಭೂಮಿಗೆ ಸಂಬಂಧ ಇದ್ದ ಮಾತು. ಭತ್ತದಾಗ ಡಿಎಸ್‌ಟಿ ಅನ್ನೋ ವಂಶವಾಹಿ ಎಲಿ ಮ್ಯಾಲಿನ ಉಸಿರುಗಂಡಿ ಮುಚ್ಚದಂಗ ಹಿಡ್ಕೊಂಡಿರ್ತದ. ಎಂಟಿಯು 1010 ತಳಿಯೊಳಗ ಅದನ್ನ ಕೆಡಿಸಿದ್ರು. ಉಸಿರುಗಂಡಿ ಕಡಿಮಿ ಆದ್ವು, ನೀರು ಆರಿ ಹೋಗೋದು ಕಡಿಮಿ ಆತು, ಬರ, ಉಪ್ಪು ಎರಡಕ್ಕೂ ಗಿಡ ಹೆಚ್ಚ ತಡೀತದ ಅಂತ ಅವರ ಕೆಲಸ ಹೇಳ್ತದ. ನೋಡು, ಕೆಲವು ಸಲ ಶಕ್ತಿ ಬರೋದು ಸೇರಿಸೋದ್ರಿಂದ ಅಲ್ಲ, ಒಂದು ತಡಿ ತಗಿಯೋದ್ರಿಂದ.

ಮೂರನೇ ದಾರೀನೂ ಅದ, ಅದನ್ನ ಮಂದಿ ಮರೀತಾರ. ಸಾಂಬಾ ಮಸೂರಿ ಭತ್ತಕ್ಕ ದುಂಡಾಣು ಅಂಗಮಾರಿ ಬಂದು ಹಾಳಾಗ್ತಿತ್ತು. ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಸ್ಥೆ ಮತ್ತ ಭತ್ತ ಸಂಶೋಧನಾಲಯದವರು ಬ್ಯಾರೆ ಭತ್ತದಿಂದ ಮೂರು ರೋಗ ನಿರೋಧಕ ವಂಶವಾಹಿ ಬರೇ ಸಂಕರದಿಂದ ತಂದು, ಡಿಎನ್ಎ ಗುರ್ತು ನೋಡಿ ಆರಿಸಿ, 2008ರಾಗ ಸುಧಾರಿತ ಸಾಂಬಾ ಮಸೂರಿ ಕೊಟ್ರು. ಜಿಎಂ ಅಲ್ಲ, ಕ್ರಿಸ್ಪರ್ ಅಲ್ಲ. ಯಾವ ದಾರಿ ಆದ್ರೂ ನಾನು ನೋಡೋದು ಒಂದ, ನಮ್ಮ ಹೊಲದಾಗ ನಮ್ಮ ಬಿಸಲಾಗ ಮೂರ್ನಾಕು ಹಂಗಾಮು ನಿಂತು ತೋರಿಸ್ತೋ ಇಲ್ಲೋ. ಕುಂಡದಾಗ ಗೆದ್ದು ಹೊಲದಾಗ ಸೋತದ್ದನ್ನ ನಾನು ಬಹಳ ನೋಡೀನಿ.

ಪ್ರಶ್ನೆ: ಟಿಶ್ಯೂ ಕಲ್ಚರ್ ಕಬ್ಬಿನ ಸಸಿ ಅಷ್ಟ ತುಟ್ಟಿ ಯಾಕ? ತೊಗೋಬೇಕೋ ಬ್ಯಾಡೋ? (ರಾಯಬಾಗ)

ಕಬ್ಬು ನಾವು ಹಚ್ಚೋದು ತುಂಡು, ತುಂಡಿನ್ಯಾಗ ರೋಗಾನೂ ಜೋಡೀನ ಬರ್ತದ. ಕಾಡಿಗಿ ರೋಗ, ಹುಲ್ಲಿನಂಗ ತೆಳ್ಳಗ ಮರಿ ಹೊಡಿಯೋ ರೋಗ, ವೈರಸ್ಸು, ಎಲ್ಲಾ ಬೀಜದ ಮ್ಯಾಲ ಸವಾರಿ. ಟಿಶ್ಯೂ ಕಲ್ಚರಿನ್ಯಾಗ ಸುಳಿ ತುದಿಯ ಒಂದು ಮಿಲಿಮೀಟರಿಗಿಂತ ಸಣ್ಣ ಮೊಳಕಿ ತಗೀತಾರ, ಅಲ್ಲಿಗೆ ವೈರಸ್ ಇನ್ನೂ ಮುಟ್ಟಿರಂಗಿಲ್ಲ. ಒಬ್ಬೊಬ್ಬರು ಕುಂತು ಸ್ಪಿರಿಟ್ ದೀಪದ ಮುಂದ ಕೈಯಾಗ ಬಿಡಸೋ ಕೆಲಸ, ಅದಕ್ಕ ತುಟ್ಟಿ. ಇಡೀ ಹೊಲಕ್ಕ ತರಬ್ಯಾಡ್ರಿ, ಹತ್ತು ಗುಂಟೆಗೆ ತಂದು ಅದನ್ನ ಬೀಜ ಮಾಡ್ಕೋರಿ. ಇಲ್ಲಾ ಬಿಸಿನೀರ ಉಪಚಾರ ಅದ, 50 ಡಿಗ್ರಿ, 2 ತಾಸು, ಕಾಡಿಗಿಗೆ ಛಲೋ ಕೆಲಸ ಮಾಡ್ತದ, ಆದ್ರ ಡಿಗ್ರಿ ಹೆಚ್ಚಾದ್ರ ಕಣ್ಣು ಸಾಯ್ತಾವ, ಕಡಿಮಿ ಆದ್ರ ರೋಗ ಉಳೀತದ, ಥರ್ಮಾಮೀಟರ್ ಇಲ್ಲದ ಮಾಡಬ್ಯಾಡ್ರಿ.

ಇನ್ನೊಂದು ನೀವು ಕೇಳದಿದ್ರೂ ಹೇಳ್ತೀನಿ. ನಮ್ಮ ಭಾಗದಾಗ ಎತ್ತ ನೋಡಿದ್ರೂ ಕೋ 86032 ಅನ್ನೋ ಒಂದ ಕಬ್ಬಿನ ತಳಿ. ಉತ್ತರ ಪ್ರದೇಶದಾಗ ಕೋ 0238 ಹಿಂಗ ಅರ್ಧಕ್ಕಿಂತ ಹೆಚ್ಚ ಭೂಮಿ ತುಂಬಿತ್ತು, ರೈತರ ಕೈಗೆ ಛಲೋ ರೊಕ್ಕ ಬಂತು, ಆಮ್ಯಾಲ ಕೆಂಪು ಕೊಳಿ ರೋಗ ಅದನ್ನ ಹಿಡೀತು, ಒಂದ ತಳಿ ಇದ್ದದ್ದಕ್ಕ ಬೆಂಕಿ ಹಬ್ಬಿದಂಗ ಹಬ್ಬಿತು. ಎರಡು ಎಕರೆ ಇದ್ರ ಎರಡು ತಳಿ ಹಚ್ರಿ.

ಪ್ರಶ್ನೆ: ನಮ್ಮ ಅಜ್ಜಿ ಖಪ್ಲಿ ಗೋದಿಗೆ ಭಂಡಾರ ರೋಗ ಬರಂಗಿಲ್ಲ ಅಂತಿದ್ಲು. ಖರೇನಾ? (ಬೈಲಹೊಂಗಲ)

ಅಜ್ಜಿ ಮಾತಿನ್ಯಾಗ ಬಹಳ ಸತ್ಯ ಅದ. ಭಂಡಾರ ಅಂದ್ರ ತುಕ್ಕು ರೋಗ, ಎಲಿಗೆ ಕೈ ಒರಸಿದ್ರ ಅರಿಷಿಣ ಹತ್ತಿದಂಗ ಹತ್ತತದ, ಅದಕ್ಕ ಆ ಹೆಸರು. ಬ್ಯಾಸಿಗ್ಯಾಗ ನಮ್ಮ ಬಯಲಾಗ ಗೋದಿ ಇರಂಗಿಲ್ಲ, ತುಕ್ಕು ಸಾಯ್ತದ. ಮತ್ತ ಮುಂದಿನ ವರ್ಷ ಎಲ್ಲಿಂದ ಬರ್ತದ? ಆಗ್ರಾದ ಕೆ. ಸಿ. ಮೆಹ್ತಾ ಜೀವಮಾನ ಇದರ ಹಿಂದ ಬಿದ್ದು ಕಂಡು ಹಿಡದ್ರು, ದಕ್ಷಿಣದಾಗ ಅದು ನೀಲಗಿರಿ, ಪಳನಿ ಬೆಟ್ಟದ ತಂಪಿನ್ಯಾಗ ಬದುಕಿ ಗಾಳಿ ಜೋಡಿ ಕೆಳಗ ಇಳೀತದ ಅಂತ.

ಖಪ್ಲಿ, ಅಂದ್ರ ನಮ್ಮ ಜವೆ ಗೋದಿ, ಹೊರದೇಶದ ಲ್ಯಾಬಿಗೆ ನೂರು ವರ್ಷದ ಹಿಂದನ ಹೋಗ್ಯದ. ಅಮೆರಿಕಾದ ಮಿನೆಸೋಟಾದಾಗ ಕಾಂಡದ ತುಕ್ಕಿನ ಒಳಜಾತಿ ಗುರ್ತಿಸಾಕ 12 ನಮೂನಿ ಗೋದಿ ಸಾಲಾಗಿ ಹಚ್ಚಿ ತುಕ್ಕು ಹಾಕಿ ನೋಡ್ತಿದ್ರು, ಆ ಹನ್ನೆರಡರಾಗ ಖಪ್ಲಿ ಒಂದು, ಹೆಸರೂ ಖಪ್ಲಿ ಅಂತನ. 1998ರಾಗ ಯುಗಾಂಡಾದಾಗ ಯುಜಿ99 ಅನ್ನೋ ಹೊಸಾ ತುಕ್ಕು ಎದ್ದು, ಜಗತ್ತೆಲ್ಲಾ ನಂಬಿದ್ದ ನಿರೋಧಕ ಶಕ್ತಿ ಮುರದಾಗ ಹುಡುಕಾಟ ಜೋರಾತು. ಖಪ್ಲಿಯೊಳಗ ಇರೋ ಎಸ್‌ಆರ್13 ಅನ್ನೋ ವಂಶವಾಹಿ ಯುಜಿ99 ಗುಂಪಿಗೂ ತಡೀತದ ಅಂತ ಗೊತ್ತಾತು, 2017ರಾಗ ಆ ವಂಶವಾಹಿನ್ನ ಅಕ್ಷರ ಅಕ್ಷರ ಓದಿ ಬಿಡಿಸಿದ್ರು. ಮಾದ್ಲಿ ಮಾಡಾಕ, ಹುಗ್ಗಿ ಮಾಡಾಕ ಅಂತ ನಮ್ಮ ಅಜ್ಜಿಗೋಳು ಡಬ್ಬ್ಯಾಗ ಬೇವಿನ ಎಲಿ ಹಾಕಿ ಉಳಿಸಿದ ಕಾಳು ಅದು.

ಹಂಗಂತ ಎಲ್ಲಾ ಭಂಡಾರಕ್ಕೂ ಅದು ತಡೀತದ ಅಂತಲ್ಲ, ತುಕ್ಕಿನ್ಯಾಗೂ ಮೂರು ನಮೂನಿ ಅವ, ಅದೂ ವೇಷ ಬದಲಿ ಮಾಡ್ತದ. ಹಳೇ ಖಪ್ಲಿ ಎತ್ತರ ಆಗಿ ಮಲಕ್ಕೊಳ್ಳೋ ಚಿಂತಿ ಇದ್ರ ಧಾರವಾಡ ಕೃಷಿ ವಿವಿದವರು ಮಾಡಿದ ಡಿಡಿಕೆ 1025, ಡಿಡಿಕೆ 1029 ಗಿಡ್ಡ ತಳಿ ಅವ, ಕೇಳಿ ನೋಡ್ರಿ. ಅಜ್ಜಿ ಬೀಜ ಇನ್ನೂ ಒಂದ ಸೇರು ಉಳದಿದ್ರೂ ಬದುವಿಗೆ ಒಂದ ಸಾಲು ಹಾಕ್ರಿ, ಕಳಕೋಬ್ಯಾಡ್ರಿ.

ಪ್ರಶ್ನೆ: ನಾನು 8ನೇ ಕ್ಲಾಸ್. ನಮ್ಮ ಸಾಲ್ಯಾಗ ಲ್ಯಾಬ್ ಇಲ್ಲ. ಗಿಡದ ರೋಗ ನೋಡುವಂಥಾ ಪ್ರಯೋಗ ಮನ್ಯಾಗ ಮಾಡಬಹುದಾ? (ಮುಧೋಳ)

ಮಾಡಬಹುದವಾ, ಮತ್ತ ಇದು ಲ್ಯಾಬಿನ್ಯಾಗೂ ಮಾಡೋ ಪ್ರಯೋಗನ. ಎಲಿ ಹಸರ ಇದ್ದಂಗನ ಗಿಡ ಧಿಡೀರ್ ಬಾಡಿದ ಬದನಿಕಾಯಿ ಇಲ್ಲಾ ಟೊಮ್ಯಾಟೊ ಗಿಡ ಹುಡುಕು. ಬುಡದ ಹತ್ರ ಎರಡು ಬಟ್ಟಿನಷ್ಟ ಉದ್ದ ಕಾಂಡ ಅಪ್ಪಾರ ಕಡಿಂದ ಕೊಯ್ಸು. ಗಾಜಿನ ಗ್ಲಾಸಿನ್ಯಾಗ ತಿಳಿ ನೀರು ಹಾಕಿ, ಕೊಯ್ದ ತುದಿ ನೀರಿನ್ಯಾಗ ಇರೋಹಂಗ ದಾರದಿಂದ ತೂಗ ಬಿಡು. ಗ್ಲಾಸಿನ ಹಿಂದ ಕರೀ ಅರಿವಿ ಹಿಡಿ. ಅಲುಗಾಡಿಸಬ್ಯಾಡ, ಐದು ಹತ್ತು ನಿಮಿಷ ಸುಮ್ಮನ ನೋಡ್ಕೋತ ಕೂಡು. ತುದಿಯಿಂದ ಹಾಲಿನ ಎಳಿ ಇಳದಂಗ, ಊದಿನಕಡ್ಡಿ ಹೊಗಿ ತಿರುವಿ ಬಿಟ್ಟಂಗ ಬಿಳಿ ಎಳಿ ಕೆಳಗ ಇಳದು ಬಂದ್ರ ಅವು ಬ್ಯಾಕ್ಟೀರಿಯಾ, ಆ ಗಿಡದ ನೀರಿನ ನಾಳದಾಗ ತುಂಬಿ ಅದನ್ನ ಕೊಂದಂಥವು. ಏನೂ ಬರಲಿಲ್ಲ ಅಂದ್ರ ಬ್ಯಾರೆ ಕಾರಣ. ಜೋಡಿಗೆ ಆರೋಗ್ಯ ಇದ್ದ ಗಿಡದ ಕಾಂಡಾನೂ ಇನ್ನೊಂದ ಗ್ಲಾಸಿನ್ಯಾಗ ಬಿಡು, ಎರಡೂ ಹೋಲಿಸಿ ನೋಡ್ಬೇಕು. ಮುಗದ ಮ್ಯಾಲ ಆ ನೀರು ಹೊಲಕ್ಕ ಚೆಲ್ಲಬ್ಯಾಡ, ಕುದಿಸಿ ಚೆಲ್ಲು, ಕೈ ಸೋಪ್ ಹಚ್ಚಿ ತೊಳಕೋ. ಎಷ್ಟ ನಿಮಿಷಕ್ಕ ಎಳಿ ಬಂತು ಅಂತ ಬರದು ನಂಗ ಕಳಸು.